ಜಾವಕ

ಚಿತ್ತಾಪುರದ ತಹಶೀಲ ಆಫೀಸಿನಾಗ
ಮೂರನೇ ಖೋಲಿ, ಕಿಟಕಿ ಮಗ್ಗಲ ನನ್ನ ಟೇಬಲ್.
ಮಂದಿ ನನ್ನ ಹೆಸರ ಕೇಳೋದಿಲ್ಲ.
‘ಡಿಸ್ಪ್ಯಾಚ್ ಎಲ್ಲ್ಯದ?’ ಅಂತಾರ,
ಊರೊಂದರ ದಾರಿ ಕೇಳಿದಂಗ.
ಸಿಪಾಯಿ ನನ್ನ ಕಡಿ ಬೊಟ್ಟು ಮಾಡ್ತಾನ.
ಇಪ್ಪತ್ತಾರು ವರ್ಷದಿಂದ ನಾನೇ ಆ ಊರು.

ಎರಡು ರಿಜಿಸ್ಟರು: ಆವಕ, ಜಾವಕ.
ಬರೋದು ಒಂದರಾಗ, ಹೋಗೋದು ಒಂದರಾಗ.
ನಡುವ ಗೋಂದಿನ ಬಾಟ್ಲಿ,
ಶಹಾಬಾದ ಕಲ್ಲಿನ ಒಂದು ತುಂಡು,
ಫ್ಯಾನಿನ ಗಾಳಿಗೆ ಕಾಗದ ಹಾರಬಾರದಂತ.

ಮೊನ್ನೆ ವಾಜಿದ್ ಮಾಸ್ತರ್ ಬಂದಿದ್ರು,
ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು,
ಪಹಣಿ ತಿದ್ದುಪಡಿಯ ಕಾಗದ
ಕಲಬುರಗಿಗೆ ಹೋಯ್ತೇನಂತ ಕೇಳಲಿಕ್ಕ.
ಬಾಗಲ ಮ್ಯಾಲಿನ ತಗಡಿನ ಬೋರ್ಡ್ ಓದಿ ನಕ್ಕರು.
‘ಈ ಶಬ್ದಕ್ಕ ಮೂರು ಮಾರಿ ಅವ, ಬಾಯೋರೆ.
ಒಂದು, ಕಳಿಸೋದು. ಅದು ನಿಮಗ ಗೊತ್ತದ.
ಇನ್ನೊಂದು, ತಡಾ ಮಾಡಲಾರದ ಚುರುಕು,’
ಅಂದು ನನ್ನ ಟೇಬಲ್ ನೋಡಿದರು.
‘ಮೂರನೇದು, ಅವರ ಹಳೇ ನಾಟಕದಾಗ
ಕತ್ತಿ ಹಿಡಿದವನ ಕಿವಿಯಾಗ ರಾಜ ಹೇಳೋದು:
ಅವನನ್ನ ಡಿಸ್ಪ್ಯಾಚ್ ಮಾಡು.
ಅಂದ್ರ ಮುಗಿಸಿಬಿಡು.
ರಕ್ತದ ಹೆಸರೇ ಬರಂಗಿಲ್ಲ,
ಲಕೋಟಿ ಅಂಟಿಸಿದಷ್ಟು ಸ್ವಚ್ಛ.’

ನಮ್ಮಾಗೂ ಅದ ಸರ್, ಅಂದೆ.
ಮ್ಯಾಲ ಕಳಿಸು. ಸಾಗಹಾಕು.
ನಮ್ಮ ಮುತ್ಯಾ ಓದ್ತಿದ್ದ ಹಳಗನ್ನಡದಾಗ
ಅಟ್ಟು ಅಂದ್ರ ಓಲೆ ಕಳಿಸೋದು,
ಅಟ್ಟು ಅಂದ್ರ ಬೆನ್ನಹತ್ತಿ ಓಡಿಸೋದು,
ಜವನ ಮನಿಗೂ ಅದೇ ಮಾತಿನಿಂದ ಅಟ್ಟತಿದ್ರು.
ನನ್ನವ್ವ ಮಾತ್ರ
‘ಅಟ್ಟುಣ್ಣೋ ಮನಿ ಇದು’ ಅಂತಿದ್ದಳು,
ಒಲಿಗೆ ಕಟಗಿ ನೂಕಿಕೋತ.
ಮಾಸ್ತರು ಚಾ ಆರಲಿಕ್ಕ ಬಿಟ್ಟು
ಬಸ್ ಟಿಕೆಟಿನ ಬೆನ್ನಿಗೆ ಬರಕೊಂಡ್ರು.

ಅವರು ಹೋದ ಮ್ಯಾಲ ಕೈ ನಿಂತಿತು.
ನಾಕನೂರಾ ಹದಿನೇಳು.
ಹತ್ತೊಂಬತ್ತು ವರ್ಷದ ಹಿಂದಿನ ಜಾವಕ ನಂಬರ್.
ಆ ರಿಜಿಸ್ಟರ್ ಗೆದ್ದಲು ತಿಂದದ,
ನಂಬರ್ ತಿಂದಿಲ್ಲ.

ಲಾಡ್ಲೇಸಾಬ ಅಂತ ಒಬ್ಬವ, ದಿನಗೂಲಿ,
ಆಫೀಸಿನ ಸೈಕಲ್ ಮ್ಯಾಲ ಮುದ್ದಾಂ ಕಾಗದ ಒಯ್ಯವ.
ಅವನಿಗೆ ಗುರ್ತಿಲ್ಲದ ಓಣಿ ಇರಲಿಲ್ಲ.
ರೈಲ್ವೇ ಗೇಟ್ ಬಿದ್ದಿದ್ರ
ಸೈಕಲ್ ಹೆಗಲಿಗೇರಿಸಿ ದಾಟತಿದ್ದ.
ಆ ದಿನ ಮೂರು ಲಕೋಟಿ ಕೊಟ್ಟೆ.
ಮೂರನೇದು ಅವನದೇ:
ನಾಳೆಯಿಂದ ತಮ್ಮ ಸೇವೆಯ ಅಗತ್ಯವಿರುವುದಿಲ್ಲ.
ಸಾಹೇಬರ ಸಹಿಯ ಮಸಿ ಆರಿರಲಿಲ್ಲ,
ನಾನು ನಂಬರ್ ಹಾಕಿ ಆಗಿತ್ತು.
ಶಾಬಾಸ್ ಅಂದಿದ್ರು.

ಸಂಜಿಗೆ ಬಂದ. ಎರಡರ ಪಾವತಿ ಕೊಟ್ಟ.
ಮೂರನೇದು ಮೆಲ್ಲಕ ಮುಂದಿಟ್ಟ,
ಅಂಟು ಬಿಚ್ಚಿರಲಿಲ್ಲ.
‘ಈ ಮನಿ ಬಾಗಲ ಹಾಕ್ಯದ, ಬಾಯೋರೆ.’
ನಾ ಅವನ ಮಾರಿ ನೋಡಲಿಲ್ಲ.
ಆವಕದಾಗ ಬರ್ದೆ:
ಬಾಗಿಲು ಹಾಕಿದ್ದರಿಂದ ಮರಳಿ ಬಂದಿದೆ.

ಮತ್ತ ಕೊಟ್ಟೆ. ಮತ್ತ ತಂದ.
ಊರಿಗೆ ಹೋಗ್ಯಾರಂತ. ವಿಳಾಸ ಸರಿಯಿಲ್ಲಂತ.
ಮಗ್ಗಲ ಮನಿಯವರಿಗೂ ಗೊತ್ತಿಲ್ಲಂತ.
ಹನ್ನೊಂದು ಸಲ ಹೋಯ್ತು ಆ ಕಾಗದ,
ಹನ್ನೊಂದು ಸಲ ಬಂತು.
ನಡುವ ಅವನ ಮಗಳ ನಿಕಾ ಆಯ್ತು,
ಸೈಕಲಿಗೆ ಹೊಸ ಟೈರ್ ಬಂತು,
ಹಾಜರಿ ಪುಸ್ತಕದಾಗ ದಿನಾ ಅವನ ಹೆಸರು ಬಿತ್ತು.
ಕಳಿಸಿದ್ದು ಖರೇ, ಮುಟ್ಟಿದ್ದಿಲ್ಲ.
ಇದಕ್ಕ ಇಂಗ್ಲಿಷಿನಾಗ ಏನಂತಾರೋ,
ಮಾಸ್ತರಿಗೆ ಕೇಳೋದು ಮರ್ತೆ.

ಹೊಸ ಸಾಹೇಬರು ಬಂದು ಎಂಟು ದಿನ ಆಗಿತ್ತು.
ಮುಂಜಾನೆ, ತೊಳೆದ ಅಂಗಿ ಹಾಕ್ಕೊಂಡು ಬಂದ.
ಸೈಕಲಿನ ಕೀಲಿ ಕಲ್ಲಿನ ಮ್ಯಾಲ ಇಟ್ಟ.
‘ಇವತ್ತು ಬಾಗಲ ತೆರೆದಿತ್ರಿ.’
ಪಾವತಿ ಪುಸ್ತಕ ತಾನೇ ಎಳಕೊಂಡ.
ಮುಟ್ಟಿಸಿದವರು ಅನ್ನೋ ಖಾನೆಯಾಗ
ಉರ್ದುದಾಗ ತನ್ನ ಹೆಸರ ಬರ್ದ.
ಮುಟ್ಟಿದವರು ಅನ್ನೋ ಖಾನೆಯಾಗ
ಅದೇ ಹೆಸರ, ಸ್ವಲ್ಪ ಸಣ್ಣಕ.

ವಾಜಿದ್ ಮಾಸ್ತರ ಕಾಗದ ಇನ್ನೂ ಕಲ್ಲಿನ ಕೆಳಗೇ ಅದ.
ನಂಬರ್ ಹಾಕೋ ಮೊದಲು ಈಗ
ಪ್ರತಿಯೊಂದರ ಒಳಗಿಂದು ಓದ್ತೀನಿ,
ಯಾರಿಗೆ, ಏನಂತ, ಯಾರ ಕೈಯಾಗ.
ಹಂಗ ಓದಬೇಕಂತ ಯಾವ ನಿಯಮಾನೂ ಇಲ್ಲ.
ತಡಾ ಆಗ್ತದ.